‘ಬಲಿಷ್ಠನೇ ಉಳಿಯುತ್ತಾನೆ’ ಎಂದು ಬರೆದುಕೊಟ್ಟವಳು

ಪ್ರಾಣಿಶಾಸ್ತ್ರ ಕಲಿಸಲು ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ನೋಡಲು ಬಂದರೆ ಮೊದಲು ಕೇಳುವುದು ಕಪ್ಪೆಯ ವಿಷಯ. ಕೊಯ್ಯುವಾಗ ಕೈ ನಡುಗುವುದಿಲ್ಲವೇ, ಫಾರ್ಮಲಿನ್ ವಾಸನೆಗೆ ತಲೆ ಸುತ್ತುವುದಿಲ್ಲವೇ ಎಂದು. ಕಪ್ಪೆಯಿಂದ ಯಾವ ಟೀಚರಿಗೂ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ತೊಂದರೆ ಕೊಡುವುದು ಮಂಗ. ಅದೂ ಕಾಡಿನ ಮಂಗವಲ್ಲ, ಪಾಠದ ಮಂಗ. ಜೀವವಿಕಾಸದ ಅಧ್ಯಾಯ ತೆರೆದ ದಿನ ಅದು ನಿಮ್ಮ ಹೆಗಲೇರುತ್ತದೆ, ನಿವೃತ್ತಿಯಾಗುವವರೆಗೆ ಇಳಿಯುವುದಿಲ್ಲ.

ನಾನು ಕೆಲಸ ಮಾಡಿದ್ದು ತಮಿಳುನಾಡಿನಲ್ಲಿ, ಕೊಯಮತ್ತೂರು ಕಡೆಯ ಅನ್ನೂರಿನ ಹತ್ತಿರದ ಒಂದು ಖಾಸಗಿ ಮೆಟ್ರಿಕ್ಯುಲೇಷನ್ ಶಾಲೆಯಲ್ಲಿ. ನಮ್ಮದು ತಲೆಮಾರುಗಳ ಹಿಂದೆ ಮೈಸೂರು ಸೀಮೆಯಿಂದ ಇಳಿದು ಬಂದು ಇಲ್ಲೇ ಮಗ್ಗ ಹೂಡಿದ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಕಲಿತದ್ದು ಬಿ.ಎಡ್. ಓದಲು ಮೈಸೂರಿಗೆ ಹೋದಾಗ, ಅಂಗಡಿ ಬೋರ್ಡುಗಳನ್ನು ಓದುತ್ತಾ. ಶಾಲೆಯಲ್ಲಿ ನಾನು ಕನಕಾ ಮಿಸ್. ಈಗ ಬರೆಯುತ್ತಿರುವುದು ಎರಡು ಸಾವಿರನೇ ಇಸವಿಯ ನಂತರದ ಮೊದಲ ಕೆಲವು ವರ್ಷಗಳ ಸಂಗತಿ.

‘ಮನುಷ್ಯ ಮಂಗದಿಂದ ಬಂದದ್ದಾದರೆ ಈಗಿರುವ ಮಂಗಗಳು ಯಾಕೆ ಮನುಷ್ಯರಾಗುತ್ತಿಲ್ಲ?’ ಈ ಪ್ರಶ್ನೆಯನ್ನು ನನಗೆ ಟೌನ್ ಬಸ್ಸಿನ ಕಂಡಕ್ಟರ್ ಕೇಳಿದ್ದಾನೆ, ಹಲ್ಲಿನ ಡಾಕ್ಟರ್ ನನ್ನ ಬಾಯಿ ತೆರೆಸಿಟ್ಟುಕೊಂಡು ಕೇಳಿದ್ದಾರೆ, ಪೋಷಕರ ಸಭೆಯಲ್ಲಿ ವರ್ಷಕ್ಕೆ ಇಬ್ಬರಾದರೂ ಕೇಳಿದ್ದಾರೆ. ಲೋಕದಲ್ಲಿ ಇದು ತನಗೊಬ್ಬನಿಗೇ ಹೊಳೆದದ್ದು ಎಂಬ ನಗು ಎಲ್ಲರ ಮುಖದಲ್ಲೂ ಇರುತ್ತಿತ್ತು. ಮೊದಲ ಕೆಲವು ವರ್ಷ ನಾನು ಪಠ್ಯಪುಸ್ತಕದ ಭಾಷೆಯಲ್ಲಿ ಉತ್ತರ ಕೊಟ್ಟು ಸೋತೆ. ಆಮೇಲೆ ಬೇರೆ ದಾರಿ ಹಿಡಿದೆ. ‘ನಮ್ಮ ಹಿರಿಯರು ಮೈಸೂರು ಕಡೆಯಿಂದ ಬಂದವರು. ಹಾಗಾದರೆ ಮೈಸೂರಿನಲ್ಲಿ ಇನ್ನೂ ಜನ ಯಾಕಿದ್ದಾರೆ ಎಂದು ನೀವು ಕೇಳುವುದಿಲ್ಲವಲ್ಲ’ ಎನ್ನುತ್ತಿದ್ದೆ. ಹಳೆಯ ಊರಿನ ಒಂದು ಮನೆತನ ಕವಲೊಡೆದು ಒಂದು ಕವಲು ಇಲ್ಲಿಗೆ ಬಂತು, ಒಂದು ಅಲ್ಲೇ ಉಳಿಯಿತು. ಅಲ್ಲಿ ಉಳಿದವರು ನಮ್ಮ ತಾತಂದಿರಲ್ಲ, ದಾಯಾದಿಗಳು. ಮಂಗವೂ ಅಷ್ಟೆ. ಇದನ್ನು ಕೇಳಿ ಕಂಡಕ್ಟರ್ ಒಪ್ಪಿದ. ಹಲ್ಲಿನ ಡಾಕ್ಟರ್ ಒಪ್ಪಲಿಲ್ಲ. ಓದಿದವರಿಗೆ ಮಂಗ ದಾಯಾದಿ ಎನ್ನುವುದು ತಾತ ಎನ್ನುವುದಕ್ಕಿಂತ ದೊಡ್ಡ ಅವಮಾನ.

ನಮ್ಮ ಪ್ರಿನ್ಸಿಪಾಲರದ್ದು ಇನ್ನೊಂದು ಬಗೆ. ಒಳ್ಳೆಯ ಮನುಷ್ಯ, ಆದರೆ ಭಯಸ್ಥ. ಒಮ್ಮೆ ಮಕ್ಕಳನ್ನು ವಾಲ್ಪಾರೈಗೆ ಪ್ರವಾಸ ಕರೆದುಕೊಂಡು ಹೋದಾಗ ಟೀ ತೋಟದ ಅಂಚಿನ ಮರದ ಮೇಲೆ ಸಿಂಗಳೀಕಗಳು ಕಂಡವು. ಪ್ರಿನ್ಸಿಪಾಲರು ಬಸ್ ನಿಲ್ಲಿಸಿ, ಕೈ ಮುಗಿಯುವ ಭಂಗಿಯಲ್ಲಿ ನಿಂತು, ಇವರೇ ನಮ್ಮ ಮುತ್ತಜ್ಜಂದಿರು ಎಂದು ಮಕ್ಕಳಿಗೆ ಪರಿಚಯ ಮಾಡಿಸಿದರು. ನಾನು ಪಕ್ಕದಲ್ಲೇ ಇದ್ದೆ, ತಿದ್ದಲಿಲ್ಲ. ಮುತ್ತಜ್ಜರಲ್ಲೊಂದು ಇಳಿದು ಬಂದು ಅವರ ಕಂಕುಳಲ್ಲಿದ್ದ ಚಿತ್ರಾನ್ನದ ಪೊಟ್ಟಣ ಕಿತ್ತುಕೊಂಡು ಹೋಯಿತು. ಅದು ನಮ್ಮನ್ನು ನೋಡಿದ ರೀತಿಯಲ್ಲಿ ಈ ಸಂಬಂಧಕ್ಕೆ ಅದರ ಒಪ್ಪಿಗೆಯಿದ್ದಂತೆ ಕಾಣಲಿಲ್ಲ.

ಇನ್ನು ಸ್ಟಾಫ್ ರೂಮಿನಲ್ಲಿ ನನ್ನ ಎದುರು ಮೇಜಿನ ಭೌತಶಾಸ್ತ್ರದ ಸುಂದರಂ ಸರ್. ‘ಅದು ಬರೀ ಥಿಯರಿ ತಾನೇ ಮಿಸ್’ ಎನ್ನುವುದು ಅವರ ಕಾಯಂ ಮಾತು. ಥಿಯರಿ ಎಂದರೆ ಅವರ ಲೆಕ್ಕದಲ್ಲಿ ಟೀ ಕುಡಿಯುವಾಗ ಯಾರೋ ಹೇಳಿದ ಊಹೆ. ಅದೇ ಸುಂದರಂ ಸರ್ ಪರಮಾಣು ಸಿದ್ಧಾಂತವನ್ನು ಇಪ್ಪತ್ತು ವರ್ಷ ಕಲಿಸಿದರು. ಪರಮಾಣುವನ್ನು ಅವರೂ ಕಣ್ಣಾರೆ ಕಂಡವರಲ್ಲ. ಅದಕ್ಕೆ ಮಾತ್ರ ಅವರು ‘ಬರೀ’ ಸೇರಿಸಲಿಲ್ಲ.

ಮನೆಯಲ್ಲಿ ಅಮ್ಮ. ಸೊಳ್ಳೆ ಬತ್ತಿ ಹಚ್ಚಿಟ್ಟರೂ ಸೊಳ್ಳೆ ಹೋಗುತ್ತಿಲ್ಲವೆಂದು ಅವಳ ದೂರು. ‘ಅವಕ್ಕೆ ಇದು ಪಳಗಿಹೋಗಿದೆ ಕಣ್ಣು’ ಎನ್ನುತ್ತಿದ್ದಳು, ಈ ಕಡೆ ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ. ಯಾವ ಸೊಳ್ಳೆಯೂ ಕೂತು ಪಳಗುವುದಿಲ್ಲ, ಹೊಗೆ ತಡೆಯದವು ಸತ್ತುಹೋಗುತ್ತವೆ, ಹೇಗೋ ಹುಟ್ಟಿನಿಂದಲೇ ತಡೆಯುವ ಒಂದೆರಡು ಇದ್ದರೆ ಅವು ಮೊಟ್ಟೆಯಿಡುತ್ತವೆ, ಮುಂದಿನ ಸಂತತಿ ಅವುಗಳದ್ದು ಎಂದು ನಾನು ವಿವರಿಸಿದೆ. ಅಮ್ಮ ಪೂರ್ತಿ ಕೇಳಿ, ‘ಅಂದ್ರೆ ಪಳಗಿಹೋಗಿದೆ ಅಂತ ತಾನೇ’ ಎಂದಳು. ಪ್ರಪಂಚದ ಮುಕ್ಕಾಲು ಪಾಲು ಜನ ಅಮ್ಮನ ಪಕ್ಷ. ಜಿರಾಫೆ ಕತ್ತು ಚಾಚಿ ಚಾಚಿ ಉದ್ದ ಮಾಡಿಕೊಂಡಿತು ಎಂದು ಪರೀಕ್ಷೆಯಲ್ಲಿ ಬರೆಯುವ ಮಕ್ಕಳೆಲ್ಲ ಆ ಪಕ್ಷದಲ್ಲೇ ಬೆಳೆದವರು.

ಒಮ್ಮೆ ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿಯೊಬ್ಬರು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಅದೇ ಅಧ್ಯಾಯವನ್ನು ಮನಸ್ಸಿಟ್ಟು ಪಾಠ ಮಾಡಿದೆ. ಮುಗಿದ ಮೇಲೆ ಅವರು, ಪ್ರಶ್ನೆಪತ್ರಿಕೆಯ ಬ್ಲೂಪ್ರಿಂಟ್ ಪ್ರಕಾರ ಇದರಿಂದ ಹೆಚ್ಚು ಅಂಕ ಬರುವುದಿಲ್ಲ, ಒಂದೇ ಪಿರಿಯಡ್‌ನಲ್ಲಿ ಮುಗಿಸಿಬಿಡಿ ಎಂದು ರಿಜಿಸ್ಟರಿನಲ್ಲಿ ಬರೆದು ಹೋದರು. ಭೂಮಿಯ ಮೇಲಿನ ಜೀವದ ಕಥೆಯನ್ನು ನಲವತ್ತು ನಿಮಿಷದಲ್ಲಿ ಮುಗಿಸುವುದು ಹೇಗೆಂದು ಯೋಚಿಸುತ್ತಿದ್ದಾಗ ಶಾಲೆಗೆ ಪ್ರೊಜೆಕ್ಟರ್ ಬಂತು, ಜೊತೆಗೊಂದು ಸಿ.ಡಿ. ಅದರಲ್ಲಿ ಮಂಗ ಎದ್ದು ನಿಂತು, ಕೂದಲು ಉದುರಿಸಿ, ನಾಲ್ಕು ಸೆಕೆಂಡಿನಲ್ಲಿ ಮನುಷ್ಯನಾಗುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟಿ ಮತ್ತೊಮ್ಮೆ ಹಾಕಿ ಎಂದರು. ಆ ನಾಲ್ಕು ಸೆಕೆಂಡನ್ನು ಅವರ ತಲೆಯಿಂದ ತೆಗೆಯಲು ನನಗೆ ನಾಲ್ಕು ವಾರ ಹಿಡಿಯುತ್ತಿತ್ತು.

ಬೇರೆಯವರ ಮೂರ್ಖತನವನ್ನು ಇಷ್ಟು ಹೊತ್ತು ಹಾಡಿದೆ. ಈಗ ನನ್ನದು.

ನಮ್ಮ ಶಾಲೆ ನೂಲಿನ ಗಿರಣಿಯ ಮಾಲೀಕರೊಬ್ಬರದ್ದು. ತಮಿಳುನಾಡಿನ ಖಾಸಗಿ ಶಾಲೆಗಳಲ್ಲಿ ಆಡಳಿತ ನಡೆಸುವವರನ್ನು ಕರೆಸ್ಪಾಂಡೆಂಟ್ ಎನ್ನುತ್ತಾರೆ. ನಮ್ಮವರನ್ನು ಎಲ್ಲರೂ ಕರೆಸ್ಪಾಂಡೆಂಟ್ ಅಯ್ಯಾ ಎನ್ನುತ್ತಿದ್ದರು. ಬಿಳಿ ಸಫಾರಿ, ಚಿನ್ನದ ಕಟ್ಟಿನ ಕನ್ನಡಕ. ಒಂದು ವರ್ಷ ವಾರ್ಷಿಕೋತ್ಸವಕ್ಕೆ ಮೊದಲು ಅವರು ವರಾಂಡದ ಗೋಡೆಯ ಮೇಲೆ ಪ್ರತಿ ವಿಷಯಕ್ಕೂ ಒಂದು ಚಿತ್ರ ಬರೆಸಿದರು. ಪ್ರಾಣಿಶಾಸ್ತ್ರಕ್ಕೆ ಎಲ್ಲರಿಗೂ ಗೊತ್ತಿರುವ ಮೆರವಣಿಗೆ: ಬಾಗಿದ ಮಂಗ, ಅದರ ಮುಂದೆ ಅರ್ಧ ಎದ್ದದ್ದು, ಅದರ ಮುಂದೆ ಈಟಿ ಹಿಡಿದದ್ದು, ಕೊನೆಗೆ ನೆಟ್ಟಗೆ ನಿಂತ ಮನುಷ್ಯ. ವಿಕಾಸ ಎಂದರೆ ಹೀಗೆ ಸಾಲಿನಲ್ಲಿ ನಡೆದು ಬರುವುದಲ್ಲ, ಪೊದೆಯ ಹಾಗೆ ಕವಲೊಡೆಯುವುದು ಎಂದು ನನಗೆ ಗೊತ್ತಿತ್ತು. ಡ್ರಾಯಿಂಗ್ ಮಾಸ್ಟರಿಗೆ ಹೇಳಲೂ ಹೊರಟೆ. ಪೊದೆ ಬರೆದರೆ ಅದು ಸಸ್ಯಶಾಸ್ತ್ರ ಆಗುತ್ತದೆ ಮಿಸ್ ಎಂದರು. ಸುಮ್ಮನಾದೆ. ಆ ಕೊನೆಯ ಮನುಷ್ಯನಿಗೆ ಮಾಸ್ಟರು ಬಿಳಿ ಸಫಾರಿ ತೊಡಿಸಿ ಕನ್ನಡಕ ಹಾಕಿದ್ದರು. ಕರೆಸ್ಪಾಂಡೆಂಟ್ ಅಯ್ಯಾ ನೋಡಿ ಬಹಳ ಹೊತ್ತು ನಿಂತರು. ಚಿತ್ರದ ಕೆಳಗೆ ಒಂದು ಸಾಲು ಬೇಕು ಎಂದು ನನ್ನ ಕಡೆ ತಿರುಗಿದರು. ನಾನು ಅಲ್ಲೇ ಒಂದು ಚೀಟಿಯಲ್ಲಿ ತಮಿಳಿನಲ್ಲಿ ಬರೆದುಕೊಟ್ಟೆ: ಬಲಿಷ್ಠನೇ ಉಳಿಯುತ್ತಾನೆ.

ಅದು ತಪ್ಪು ಸಾಲು. ಬಲಕ್ಕೂ ಉಳಿವಿಗೂ ಅಂಥ ನೆಂಟಸ್ತಿಕೆಯೇನಿಲ್ಲ. ಎಲ್ಲಿ ಬದುಕುತ್ತಿದ್ದೇವೋ ಆ ಜಾಗಕ್ಕೆ ಹೊಂದಿ, ಮರಿ ಮಾಡಿ, ಮರಿ ಬದುಕಿದರೆ ಸಾಕು. ಆನೆಗಿಂತ ಜಿರಲೆ ಯಾವುದರಲ್ಲೂ ಕಡಿಮೆಯಿಲ್ಲ. ಇದನ್ನು ತರಗತಿಯಲ್ಲಿ ಹೇಳುತ್ತಿದ್ದವಳು ನಾನೇ. ಆದರೆ ಗೋಡೆಗೆ ಜಿರಲೆ ಚೆನ್ನಾಗಿ ಕಾಣುವುದಿಲ್ಲವಲ್ಲ.

ಮುಂದಿನ ವರ್ಷ ಕ್ವಾರ್ಟರ್ಲಿ ಪರೀಕ್ಷೆ ಮುಗಿದ ವಾರ ಕರೆಸ್ಪಾಂಡೆಂಟ್ ಅಯ್ಯಾ ಹನ್ನೆರಡನೇ ತರಗತಿಯ ಟೀಚರುಗಳ ಸಭೆ ಕರೆದರು. ಪಬ್ಲಿಕ್ ಪರೀಕ್ಷೆಗೆ ಕೂರುವವರ ಹೆಸರಿನ ಪಟ್ಟಿ, ನಾಮಿನಲ್ ರೋಲ್, ಕಳಿಸುವ ಸಮಯ. ಹಿಂದಿನ ಮೂರು ವರ್ಷ ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ. ಅದು ಹೇಗೆ ಬರುತ್ತಿತ್ತು ಎಂಬುದು ಹೊಸಬರಿಗೆ ತಿಳಿದಿರಲಿ: ಫೇಲಾಗಬಹುದು ಅನ್ನಿಸಿದವರಿಗೆ ಮೊದಲೇ ಟಿ.ಸಿ. ಕೊಟ್ಟು, ಹೊರಗಿನಿಂದ ಪ್ರೈವೇಟ್ ಆಗಿ ಬರೆದುಕೊಳ್ಳಿ ಎಂದು ಕಳಿಸುತ್ತಿದ್ದರು. ಆ ವರ್ಷ ಆರು ಹೆಸರು. ಸಭೆಯಲ್ಲಿ ಯಾರೋ ಸಣ್ಣ ದನಿಯಲ್ಲಿ, ಇನ್ನೂ ಐದು ತಿಂಗಳಿದೆಯಲ್ಲ ಎಂದರು. ಅಯ್ಯಾ ಕನ್ನಡಕ ತೆಗೆದು ಒರೆಸುತ್ತಾ ತಮಿಳಿನಲ್ಲಿ ಹೇಳಿದರು.

‘ಇದನ್ನು ನಾನು ಮಾಡ್ತಿಲ್ಲ, ಪ್ರಕೃತಿ ಮಾಡ್ತಿದೆ. ನ್ಯಾಚುರಲ್ ಸೆಲೆಕ್ಷನ್. ನಮ್ಮ ಕನಕಾ ಮಿಸ್ ಗೋಡೆಯ ಮೇಲೆ ಬರೆಸಿಲ್ವಾ?’

ಎಲ್ಲರೂ ನನ್ನ ಕಡೆ ನೋಡಿದರು. ಸುಂದರಂ ಸರ್ ಕೂಡ ಆ ದಿನ ಅದನ್ನು ಬರೀ ಥಿಯರಿ ಎನ್ನಲಿಲ್ಲ. ನಾನು ಡೈರಿಯಲ್ಲಿ ಏನೋ ಬರೆದುಕೊಳ್ಳುವವಳ ಹಾಗೆ ತಲೆ ತಗ್ಗಿಸಿದೆ.

ಆರು ಹೆಸರಿನಲ್ಲಿ ಒಬ್ಬಳು ಈಶ್ವರಿ. ಅವಳಪ್ಪ ನಂಜಪ್ಪ ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವನು, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಮಾತಾಡುವವನು. ಈಶ್ವರಿ ಇಂಗ್ಲಿಷಿನಲ್ಲಿ ಉರುಹೊಡೆದು ಬರೆಯುವುದರಲ್ಲಿ ಹಿಂದೆ. ಕೇಳಿದರೆ ತಮಿಳಿನಲ್ಲೋ ಕನ್ನಡದಲ್ಲೋ ಸರಿಯಾಗಿ ಹೇಳುತ್ತಿದ್ದಳು. ಅಂಕದ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ.

ಹಾಗೆ ಸುಮ್ಮಸುಮ್ಮನೆ ಯಾರನ್ನೂ ತೆಗೆಯುವಂತಿಲ್ಲ. ‘ನಮ್ಮ ಮನೆಯ ಪರಿಸ್ಥಿತಿಯಿಂದ ಮಗಳನ್ನು ನಾವೇ ಬಿಡಿಸಿಕೊಳ್ಳುತ್ತಿದ್ದೇವೆ’ ಎಂದು ಪೋಷಕರು ಬರೆದುಕೊಡಬೇಕು. ಉಳಿದ ಐವರ ಮನೆಯವರು ಅತ್ತೂ ಕರೆದೂ ಸಹಿ ಹಾಕಿದರು. ನಂಜಪ್ಪ ಮಾತ್ರ ಎರಡು ಸಲ ಬಂದು, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಯೋಚಿಸಿ ಹೇಳುತ್ತೇನೆ ಎಂದು ಹೋಗಿದ್ದ. ಪ್ರಿನ್ಸಿಪಾಲರು ನನ್ನನ್ನು ಕರೆದು, ನಿಮ್ಮ ಭಾಷೆಯವನಲ್ಲವೇ, ನೀವು ಹೇಳಿದರೆ ಕೇಳುತ್ತಾನೆ ಎಂದರು. ಅವರ ಮುಖ ನೋಡಿದರೆ ಈ ಕೆಲಸ ತನ್ನ ಕೈಯಿಂದ ಜಾರಿದ್ದೇ ಪುಣ್ಯ ಎನ್ನುವಂತಿತ್ತು.

ನಾನು ಹೇಳಿದೆ. ಅದನ್ನು ಮುಚ್ಚಿಟ್ಟು ಏನಾಗಬೇಕು? ಪ್ರಯೋಗಾಲಯದ ಪಕ್ಕದ ಬೆಂಚಿನಲ್ಲಿ ಅವನನ್ನು ಕೂರಿಸಿಕೊಂಡು ಮನೆಯ ಕನ್ನಡದಲ್ಲಿ, ಅಕ್ಕ ತಮ್ಮನಿಗೆ ಹೇಳುವ ಹಾಗೆ ಹೇಳಿದೆ. ಪ್ರೈವೇಟ್ ಆಗಿ ಬರೆದರೆ ಒತ್ತಡವಿರುವುದಿಲ್ಲ, ಮಗಳಿಗೆ ಒಳ್ಳೆಯದು, ಇಲ್ಲಿ ಫೇಲಾದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ, ಇದು ಶಿಕ್ಷೆಯಲ್ಲ ಎಂದೆಲ್ಲ. ಒಂದೊಂದು ಮಾತೂ ಸುಳ್ಳು, ಒಂದೊಂದೂ ಮೆತ್ತಗಿತ್ತು.

ನಂಜಪ್ಪ ಕೊನೆಯವರೆಗೂ ಕೇಳಿದ. ‘ಅವ್ರು ಹೇಳಿದ್ದು ನಂಗೆ ಪುರಿಯಿಲ್ಲೀಂಗ ಮಿಸ್, ಅದಕ್ಕೇ ಸಹಿ ಹಾಕಿರ್ಲಿಲ್ಲ. ನೀವು ನಮ್ಮವ್ರು. ನೀವು ಹೇಳಿದ್ರೆ ಸರಿಯಾಗೇ ಇರ್ತದುಂಗ’ ಎಂದು ಸಹಿ ಹಾಕಿದ. ‘ಪುರಿಯಿಲ್ಲ’ ಎಂದರೆ ಅರ್ಥವಾಗಲಿಲ್ಲ; ಮಾತಿನ ಕೊನೆಗೆ ‘ಈಂಗ’, ‘ಉಂಗ’ ಸೇರಿಸುವುದು ಈ ಕಡೆಯ ಮರ್ಯಾದೆ. ಆ ಮರ್ಯಾದೆಯನ್ನೂ ನಾನು ಅಂದು ಸ್ವೀಕರಿಸಿದೆ.

ಆ ಶುಕ್ರವಾರ ನಾನು ಲೈಬ್ರರಿ ನೋಡಿಕೊಳ್ಳುತ್ತಿದ್ದಾಗ ಈಶ್ವರಿ ಪುಸ್ತಕ ಹಿಂದಿರುಗಿಸಲು ಬಂದಳು. ಅಳುತ್ತಿರಲಿಲ್ಲ. ಪುಸ್ತಕ ಕೊಟ್ಟು, ಒಂದು ಸಂದೇಹ ಕೇಳಲೇ ಎಂದಳು. ನಮ್ಮ ಶಾಲೆಯಲ್ಲಿ ಹನ್ನೊಂದನೇ ತರಗತಿಯಲ್ಲೇ ಹನ್ನೆರಡರ ಪಾಠ ಶುರುವಾಗುತ್ತಿತ್ತು, ಹಾಗಾಗಿ ವಿಕಾಸದ ಅಧ್ಯಾಯ ಅವಳಿಗೆ ಹಿಂದಿನ ವರ್ಷವೇ ಆಗಿತ್ತು. ಅದರಲ್ಲಿ ಬರುವ ಬಿಳಿ, ಕಪ್ಪು ಪತಂಗಗಳ ಕಥೆಯನ್ನು ಅವಳು ಮರೆತಿರಲಿಲ್ಲ. ಮರದ ತೊಗಟೆ ಬೆಳ್ಳಗಿದ್ದಾಗ ಬಿಳಿ ಪತಂಗ ಹಕ್ಕಿಗಳ ಕಣ್ಣಿಗೆ ಬೀಳದೆ ಉಳಿಯುತ್ತಿತ್ತು. ಕಾರ್ಖಾನೆಯ ಹೊಗೆಯಿಂದ ತೊಗಟೆ ಕಪ್ಪಾದ ಮೇಲೆ ಕಪ್ಪು ಪತಂಗ ಉಳಿಯಿತು, ಬಿಳಿಯದು ಹಕ್ಕಿಗಳ ಬಾಯಿಗೆ ಹೋಯಿತು.

‘ಮಿಸ್, ಆ ಬಿಳಿ ಪತಂಗ ಅದೇ ತಾನೇ? ಅದಕ್ಕೇನೂ ಆಗಿರ್ಲಿಲ್ಲ. ಮಾರಿದ್ದು ಮರ ತಾನೇ?’

ತಮಿಳಿನ ‘ಮಾರಿದ್ದು’, ಬದಲಾದದ್ದು. ಹೌದು ಎಂದೆ. ಅವಳು, ಹಾಗಾದರೆ ಗೋಡೆಯ ಮೇಲೆ ಬರೆದಿರುವುದು ತಪ್ಪಲ್ಲವೇ ಎಂದು ಕೇಳಿದಳು. ಅದಕ್ಕೂ ಹೌದು ಎಂದೆ. ಅವಳು ತಲೆಯಾಡಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದಳು. ಇಷ್ಟು ವರ್ಷಗಳಲ್ಲಿ ಆ ಅಧ್ಯಾಯವನ್ನು ಸರಿಯಾಗಿ ಅರ್ಥಮಾಡಿಕೊಂಡ ಒಬ್ಬಳೇ ಹುಡುಗಿಯನ್ನು, ಓದಲು ಯೋಗ್ಯಳಲ್ಲ ಎಂದು ನಾನೇ ಬಾಯಿಮಾತಿನಿಂದ ಆಚೆ ದಬ್ಬಿದ್ದೆ. ಮುಂದಿನ ಪಿರಿಯಡ್‌ಗೆ ಹೋಗಲಿಲ್ಲ.

ಭಾನುವಾರ ಟೌನ್ ಬಸ್ ಹಿಡಿದು ನಂಜಪ್ಪನ ಶೆಡ್ಡಿಗೆ ಹೋದೆ. ಹನ್ನೆರಡು ಮಗ್ಗ ಒಟ್ಟಿಗೆ ಓಡುತ್ತಿದ್ದವು. ಮಗ್ಗದ ಮನೆಯಲ್ಲಿ ಬೆಳೆದ ನನಗೆ ಆ ಸದ್ದು ಹೊಸದಲ್ಲ. ಆದರೆ ತಪ್ಪೊಪ್ಪಿಗೆಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಎರಡು ಸಲ ಕೂಗಿ ಹೇಳಿದೆ. ನಂಜಪ್ಪ ತನ್ನ ಮಗ್ಗ ಒಂದನ್ನು ನಿಲ್ಲಿಸಿದ. ಉಳಿದ ಹನ್ನೊಂದು ಓಡುತ್ತಲೇ ಇದ್ದವು. ನಾನು ಅವತ್ತು ಹೇಳಿದ್ದು ಸುಳ್ಳು, ಶಾಲೆಯ ಫಲಿತಾಂಶಕ್ಕಾಗಿ ನಿನ್ನ ಮಗಳನ್ನು ಬಿಡಿಸುತ್ತಿದ್ದಾರೆ, ನಿನ್ನ ಕಾಗದವಿಲ್ಲದೆ ಹೆಸರು ತೆಗೆಯಲಾಗದು, ಹೋಗಿ ವಾಪಸ್ ತೆಗೆದುಕೋ ಎಂದೆ.

ಅವನು ಕೈಗೆ ಅಂಟಿದ್ದ ಎಣ್ಣೆಯನ್ನು ಬಟ್ಟೆಯ ಚೂರಿನಿಂದ ನಿಧಾನವಾಗಿ ಒರೆಸಿದ.

‘ಅವತ್ತು ಹೇಳಿದ್ದೂ ನೀವೇ, ಇವತ್ತು ಹೇಳೋದೂ ನೀವೇ. ಯಾವುದನ್ನ ನಂಬಲೀಂಗ ಮಿಸ್?’

ನಾಳೆ ನೀನು ಹೋದಾಗ ನಾನೂ ಆ ಕೋಣೆಯಲ್ಲಿ ನಿನ್ನ ಪಕ್ಕ ನಿಂತಿರುತ್ತೇನೆ ಎಂದೆ. ಅದೊಂದೇ ನಾನು ಕೊಡಬಹುದಾಗಿದ್ದ ಸಾಕ್ಷಿ.

ಸೋಮವಾರ ಬೆಳಗ್ಗೆ ನಂಜಪ್ಪ ಬಂದ. ಒಬ್ಬನೇ ಬರಲಿಲ್ಲ, ಉಳಿದ ಐದು ಮನೆಗೂ ಹೋಗಿ ಎಲ್ಲರನ್ನೂ ಕರೆದುಕೊಂಡು ಬಂದಿದ್ದ. ಕರೆಸ್ಪಾಂಡೆಂಟ್ ಅಯ್ಯಾ ಮೊದಲು ನಕ್ಕರು, ಆಮೇಲೆ ವಿವರಿಸಿದರು. ಎಲ್ಲರೂ ಎಲ್ಲದಕ್ಕೂ ಯೋಗ್ಯರಲ್ಲ, ಇದು ಯಾರ ತಪ್ಪೂ ಅಲ್ಲ, ಪ್ರಕೃತಿಯೇ ಆರಿಸುತ್ತದೆ, ಬೇಕಾದರೆ ಮಿಸ್ಸನ್ನು ಕೇಳಿ ಎಂದು ನನ್ನ ಕಡೆ ಕೈ ತೋರಿಸಿದರು.

‘ಅಯ್ಯಾ, ಪ್ರಕೃತಿ ಯಾರ ಅಪ್ಪನ ಹತ್ತಿರವೂ ಸಹಿ ಹಾಕಿಸಿಕೊಳ್ಳೋದಿಲ್ಲ’ ಎಂದೆ. ‘ಇದು ಆರಿಸೋದಲ್ಲ, ಅಳಿಸೋದು. ಆ ಗೋಡೆಯ ಸಾಲು ತಪ್ಪು. ಬರೆದುಕೊಟ್ಟದ್ದು ನಾನು, ತಪ್ಪು ನನ್ನದು.’

ನಂಜಪ್ಪ ಮುಂದೆ ಬಂದು ತಮಿಳಿನಲ್ಲಿ, ನಮ್ಮ ಕಾಗದ ನಮಗೆ ಕೊಡಿ, ಇಲ್ಲದಿದ್ದರೆ ಇಲ್ಲಿಂದ ಹೀಗೇ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗುತ್ತೇವೆ ಎಂದ. ದನಿ ಏರಿಸಲಿಲ್ಲ. ಶಾಲೆಯ ಮಾನ್ಯತೆ ನವೀಕರಿಸಬೇಕಾಗಿದ್ದ ವರ್ಷ ಅದು. ಪ್ರಿನ್ಸಿಪಾಲರು ಅಯ್ಯಾ ಅವರ ಕಿವಿಯಲ್ಲಿ ಏನೋ ಹೇಳಿದರು. ಆ ಭಯಸ್ಥ ಮನುಷ್ಯ ತನ್ನ ಭಯದಿಂದ ಯಾರಿಗಾದರೂ ಉಪಕಾರ ಮಾಡಿದ್ದು ನಾನು ಕಂಡಂತೆ ಅದೊಂದೇ ಸಲ. ಆರು ಕಾಗದಗಳು ಮೇಜಿನ ಡ್ರಾಯರಿನಿಂದ ಹೊರಗೆ ಬಂದವು.

ನನ್ನ ಹನ್ನೆರಡನೇ ತರಗತಿ ಅದೇ ವಾರ ಕೈಬಿಟ್ಟುಹೋಯಿತು. ಆರನೇ ತರಗತಿಗೆ ಸಾಮಾನ್ಯ ವಿಜ್ಞಾನ ಕಲಿಸಲು ಹಾಕಿದರು. ಅಲ್ಲಿಯ ಪುಸ್ತಕದಲ್ಲಿ ಮಂಗವಿರಲಿಲ್ಲ, ಬೀಜ ಮೊಳಕೆಯೊಡೆಯುವುದಿತ್ತು. ನಿಜ ಹೇಳಬೇಕೆಂದರೆ ನಾನು ಒಳ್ಳೆಯ ಟೀಚರ್ ಆದದ್ದು ಅಲ್ಲಿ. ಹನ್ನೊಂದು ವರ್ಷದ ಮಕ್ಕಳಿಗೆ ಉತ್ತರ ಬರೆಸುವುದನ್ನು ಬಿಟ್ಟು ಅವರಿಂದಲೇ ಮನೆಯ ಮಾತಿನಲ್ಲಿ ಪ್ರಶ್ನೆ ಕೇಳಿಸುವುದನ್ನು ಕಲಿತೆ. ಆ ಆರು ಮಂದಿಗೆ ಮಾತ್ರ ಶನಿವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಪಾಠ ಮುಂದುವರಿಸಿದೆ. ಆಶ್ಚರ್ಯವೆಂದರೆ ಸುಂದರಂ ಸರ್ ತಾವಾಗಿಯೇ ಎರಡು ವಾರಕ್ಕೊಮ್ಮೆ ಬಂದು ಭೌತಶಾಸ್ತ್ರ ಹೇಳಿಕೊಟ್ಟರು. ಅಮ್ಮ ಅವರಿಗೆಲ್ಲ ಟೀ ಮಾಡಿಕೊಟ್ಟು, ಹೊಗೆ ಜಾಸ್ತಿಯಾಗುವಷ್ಟು ಸೊಳ್ಳೆ ಬತ್ತಿ ಹಚ್ಚಿಡುತ್ತಿದ್ದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಆರರಲ್ಲಿ ನಾಲ್ವರು ಪಾಸು. ಇಬ್ಬರು ಫೇಲು, ಅದರಲ್ಲಿ ಈಶ್ವರಿಯೂ ಒಬ್ಬಳು, ಭೌತಶಾಸ್ತ್ರದಲ್ಲಿ. ನೂರಕ್ಕೆ ನೂರು ಎಂದು ಮೊದಲೇ ಅಚ್ಚು ಹಾಕಿಸಿದ್ದ ಫ್ಲೆಕ್ಸ್ ಬ್ಯಾನರಿನ ಅಂಕೆಯ ಮೇಲೆ ಬಿಳಿ ಕಾಗದ ಅಂಟಿಸಿ ‘ಅದ್ಭುತ ಫಲಿತಾಂಶ’ ಎಂದು ಕೈಯಲ್ಲಿ ಬರೆದು ಗೇಟಿಗೆ ಕಟ್ಟಿದರು. ಯಾವ ಪೋಷಕರೂ ಶಾಲೆ ಬಿಟ್ಟು ಹೋಗಲಿಲ್ಲ. ಎಷ್ಟು ಎಂದು ಯಾರೂ ಕೇಳಲೂ ಇಲ್ಲ.

ಈಶ್ವರಿ ಜೂನ್‌ನ ಮರುಪರೀಕ್ಷೆಯಲ್ಲಿ ಪಾಸಾದಳು. ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೇ ತೆಗೆದುಕೊಂಡಳು. ಕಾಲೇಜು ಸೇರಿದ ಮೊದಲ ತಿಂಗಳು ಅವಳು ಅನ್ನೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಳು, ಪಕ್ಕದಲ್ಲಿ ನಂಜಪ್ಪನಿದ್ದ. ಈಶ್ವರಿ ನನ್ನ ಕೈ ಹಿಡಿದುಕೊಂಡು ಲ್ಯಾಬಿನ ವಿಷಯ, ಹಾಸ್ಟೆಲಿನ ಊಟದ ವಿಷಯ ಕನ್ನಡದಲ್ಲಿ ಒಂದೇ ಸಮನೆ ಹೇಳುತ್ತಿದ್ದಳು. ನಾನು ನಂಜಪ್ಪನ ಕಡೆ ತಿರುಗಿ, ಚೆನ್ನಾಗಿದ್ದೀಯಾಪ್ಪ, ಶೆಡ್ಡಿನಲ್ಲಿ ಕೆಲಸ ಹೇಗೆ ನಡೆಯುತ್ತಿದೆ ಎಂದು ಕನ್ನಡದಲ್ಲೇ ಕೇಳಿದೆ.

ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಹಿಡಿದುಕೊಂಡು, ಮೊದಲಿನಷ್ಟೇ ಮರ್ಯಾದೆಯಿಂದ, ತಮಿಳಿನಲ್ಲಿ ಉತ್ತರ ಕೊಟ್ಟ. ನಾನು ಇನ್ನೆರಡು ಮಾತು ಕನ್ನಡದಲ್ಲಿ ಆಡಿದೆ. ಅದಕ್ಕೂ ತಮಿಳಿನಲ್ಲೇ ಉತ್ತರ ಬಂತು. ಮಗಳು ಒಮ್ಮೆ ಅಪ್ಪನ ಮುಖ, ಒಮ್ಮೆ ನನ್ನ ಮುಖ ನೋಡಿದಳು. ಬಸ್ ಬಂತು. ನಂಜಪ್ಪ ಮಗಳ ಚೀಲ ಎತ್ತಿ ಕೊಟ್ಟು, ನನಗೆ ಕೈ ಮುಗಿದು, ‘ವರ್ರೇನುಂಗ’, ಬರುತ್ತೇನೆ, ಎಂದು ಹೊರಟ.

ಆಮೇಲೆ ನಿವೃತ್ತಿಯವರೆಗೂ ಅವನು ನನಗೆ ಎಷ್ಟೋ ಸಲ ಸಿಕ್ಕಿದ್ದಾನೆ. ಒಮ್ಮೆಯೂ ನನ್ನ ಜೊತೆ ಕನ್ನಡದಲ್ಲಿ ಮಾತಾಡಲಿಲ್ಲ.